ಮೂರು ಬೆರಳು ಹೆಚ್ಚಿಗೆ

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂದು ಚಿಲಕ ಬಿಚ್ಚಿಸುತ್ತೇವೆ ಎಂದು ಕಟ್ಟಡದ ಸಂಘದವರು ಚೀಟಿ ಕಳಿಸಿದ್ದರು. ಟೈಲರು ಅದನ್ನು ಎರಡು ಸಲ ಓದಿದ, ನಾಲ್ಕಾಗಿ ಮಡಚಿದ, ಹೊಲಿಗೆ ಯಂತ್ರದ ಒಂದು ಕಾಲಿನ ಕೆಳಗೆ ತುರುಕಿದ. ಯಂತ್ರ ತಿಂಗಳುಗಳಿಂದ ಆ ಕಾಲಲ್ಲಿ ಕುಂಟುತ್ತಿತ್ತು. ಈಗ ಗಟ್ಟಿಯಾಗಿ ನಿಂತಿತು.

“ಅಂತೂ ಸಂಘದಿಂದ ನಮಗೂ ಒಂದು ಉಪಕಾರ ಆಯ್ತು,” ಎಂದ.

ಹೆಂಡತಿ ಮುಂಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದಳು. ಅವಳು ಸಿಟಿ ಬಸ್ಸಿನ ಡ್ರೈವರು. ಮಾತಾಡುವಾಗಲೂ ಎದುರಿನ ರಸ್ತೆ ನೋಡುತ್ತಿರುವ ಹಾಗೆ ಕಣ್ಣು ನೇರ ಇಟ್ಟುಕೊಂಡು ಮಾತಾಡುವ ಹೆಂಗಸು.

“ತಮಾಷೆ ಆಮೇಲೆ. ನಾಳೆ ನಂದು ಬೆಳಗಿನ ಪಾಳಿ. ಡಿಪೋದಿಂದ ಬರೋಷ್ಟರಲ್ಲಿ ಹನ್ನೊಂದು ದಾಟುತ್ತೆ. ಅವರು ಬಂದರೆ ಒಬ್ಬನೇ ಏನ್ ಮಾಡ್ತೀಯ?”

“ಒಬ್ಬನೇ ಯಾಕೆ? ಬಾಬಿನ್ ಇದಾಳಲ್ಲ.”

ಬಾಬಿನ್ ಎಂದರೆ ಮಗಳು. ಮೂರು ತುಂಬಿ ಎರಡು ತಿಂಗಳಾಗಿತ್ತು. ಯಂತ್ರದ ಹೊಟ್ಟೆಯೊಳಗಿನ ದಾರದ ಉರುಳೆಯ ಹಾಗೆ ಒಂದು ಗಳಿಗೆ ನಿಲ್ಲದೆ ಗಿರಗಿರ ಸುತ್ತುತ್ತಾಳೆಂದು ಅಪ್ಪ ಹಾಗೆ ಕರೆಯಲು ಶುರು ಮಾಡಿ, ಅದೇ ಹೆಸರಾಗಿ ಅಂಟಿಕೊಂಡಿತ್ತು. ಈಗ ಅವಳು ಮೇಜಿನ ಕೆಳಗೆ ಕೂತು ಚಿಂದಿಗಳನ್ನು ಬಣ್ಣದ ಪ್ರಕಾರ ಗುಡ್ಡೆ ಹಾಕುತ್ತಿದ್ದಳು. ತನ್ನ ಹೆಸರು ಕೇಳಿ ತಲೆ ಎತ್ತಿ, “ನಾನಿದೀನಿ,” ಎಂದಳು.

“ಇಷ್ಟು ಸೈನ್ಯ ಸಾಕು ಬಿಡು,” ಎಂದು ಹೆಂಡತಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಳು.

ಜಗಳವೆಲ್ಲ ಒಂದು ಬಾಗಿಲಿನದು. ಅವರದು ನೆಲಮಹಡಿಯ ಬಾಡಿಗೆ ಮನೆ. ಹಜಾರದ ಹಿಂಬದಿಯಲ್ಲಿ ಗೋಡೆ ಇರಬೇಕಾದ ಕಡೆ ಪೂರ್ತಿ ಗಾಜು. ಎರಡು ದೊಡ್ಡ ಹಲಗೆಗಳು. ಒಂದು ಕದಲುವುದಿಲ್ಲ, ಇನ್ನೊಂದು ಹಳಿಯ ಮೇಲೆ ಜಾರುತ್ತದೆ. ಆಚೆ ಎಂಟು ಹೆಜ್ಜೆಯಷ್ಟು ಕಲ್ಲುಹಾಸು, ಎರಡು ಮೆಟ್ಟಿಲು, ಅದರಾಚೆಗೆ ನೆಲಮಾಳಿಗೆಯಿಂದ ಕಾರುಗಳು ಏರಿ ಬರುವ ಇಳಿಜಾರು. ನಡುವೆ ಒಂದು ಕಂಬಿಯಿಲ್ಲ, ಸರಪಳಿಯಿಲ್ಲ. ಮನೆ ತೋರಿಸಿದ ದಲ್ಲಾಳಿ ಆ ಗಾಜನ್ನು ಕುದುರೆಯ ಬೆನ್ನಿನ ಹಾಗೆ ಸವರಿ, “ನೋಡಿ ಸಾರ್, ಮಧ್ಯೆ ಏನೂ ಇಲ್ಲವೇ ಇಲ್ಲ ಅನ್ಸುತ್ತೆ,” ಎಂದಿದ್ದ. ಆ ಮಾತನ್ನು ಪೂರ್ತಿ ನಂಬಿದವಳು ಬಾಬಿನ್ ಒಬ್ಬಳೇ. ಮನೆ ಹೊಕ್ಕ ಎರಡನೇ ದಿನ ಹೊರಗಿದ್ದ ಪಾರಿವಾಳವನ್ನು ಹಿಡಿಯಲು ಓಡಿ, ಇದ್ದಬದ್ದ ವೇಗವನ್ನೆಲ್ಲ ತೆಗೆದುಕೊಂಡು ಹೋಗಿ ಗಾಜಿಗೆ ಗುದ್ದಿದಳು. ರಕ್ತ ಮೂಗಿನಿಂದ ಗಲ್ಲಕ್ಕೆ, ಗಲ್ಲದಿಂದ ಅಂಗಿಗೆ ಇಳಿಯಿತು. ಗಾಜಿಗೆ ಏನೂ ಆಗಲಿಲ್ಲ. ಒಡೆದರೂ ಚೂಪು ಚೂರಾಗದೆ ಕಲ್ಲುಸಕ್ಕರೆಯ ಹಾಗೆ ಉದುರುವ ಗಟ್ಟಿ ಗಾಜು ಅದು; ಮೂಲೆಯಲ್ಲಿ ಅದರ ಮುದ್ರೆ ಇತ್ತು. ಟೈಲರು ಮೊದಲು ಮಗುವಿನ ಮೂಗು ಒರೆಸಿದ. ಆಮೇಲೆ ಆ ಮುದ್ರೆ ಹುಡುಕಿ ಓದಿದ. ಆಮೇಲೆ ಕಿವಿಯ ಮೇಲಿಂದ ಚಾಕ್ ತೆಗೆದ.

ಅವನಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ. ಮೈ ಅಳೆಯುವುದು, ಗುರುತು ಹಾಕುವುದು, ಅದಾದ ಮೇಲಷ್ಟೇ ಕತ್ತರಿ ಎತ್ತುವುದು. ಮಗಳನ್ನು ಗಾಜಿಗೆ ಬೆನ್ನು ಕೊಟ್ಟು ನಿಲ್ಲಿಸಿ ಅವಳ ಕಣ್ಣಿನ ನೇರಕ್ಕೆ ಗೆರೆ ಎಳೆದ. ಆ ಗೆರೆಯ ಉದ್ದಕ್ಕೂ, ಹೊಲಿದು ಉಳಿದಿದ್ದ ಕೆಂಪು ಬಟ್ಟೆಯ ಪಟ್ಟಿಗಳನ್ನು ಬೆರಳುದ್ದ ಕತ್ತರಿಸಿ, ಅಂಗೈ ಅಗಲ ಬಿಟ್ಟು ಬಿಟ್ಟು ಅಂಟಿಸಿದ. ದೊಡ್ಡವರ ಕಣ್ಣಿಗೆಂದು ಎದೆಯೆತ್ತರದಲ್ಲಿ ಇನ್ನೊಂದು ಸಾಲು. ಬಾಗಿಲು ಬಂದು ಕೂರುವ ಚೌಕಟ್ಟಿನ ಅಂಚಿಗೆ ಹಳೇ ಕೋಟುಗಳ ಭುಜದ ಪ್ಯಾಡುಗಳನ್ನು ಉದ್ದಕ್ಕೆ ಹೊಲಿದು ಕೂರಿಸಿದ. ಅದಾದ ಮೇಲೆ ಬಾಗಿಲು ಎಷ್ಟು ರಭಸದಿಂದ ಬಂದರೂ ದಿಂಬಿಗೆ ತಲೆ ಇಟ್ಟ ಹಾಗೆ ಬಂದು ನಿಲ್ಲುತ್ತಿತ್ತು. ಪರೀಕ್ಷೆಗೆ ಮೊದಲು ಒಂದು ಗಜ್ಜರಿ ಇಟ್ಟ, ಆಮೇಲೆ ತನ್ನ ಕಿರುಬೆರಳು ಇಟ್ಟ. ಎರಡೂ ಉಳಿದವು. ಮಗು ಎಳೆದುಕೊಂಡು ಹೋಗಿ ಹತ್ತಬಾರದೆಂದು ಸ್ಟೂಲುಗಳನ್ನು ಯಂತ್ರದ ಕಾಲಿಗೆ ಕಟ್ಟಿದ.

ಉಳಿದದ್ದು ಬಾಗಿಲನ್ನು ಮುಚ್ಚಿ ಹಿಡಿಯುವ ಕೊಕ್ಕೆ. ಕಟ್ಟಿಸಿದವರು ಅದನ್ನು ಸರಿಯಾಗಿ ಮಗುವಿನ ಮೂಗಿನೆತ್ತರಕ್ಕೆ ಇಟ್ಟಿದ್ದರು. ಬಾಬಿನ್ ಅದನ್ನು ಮೂರೇ ದಿನದಲ್ಲಿ ಕಲಿತಳು. ಸಾಲದ್ದಕ್ಕೆ ಕಟ್ಟಡ ಒಂದು ಕಡೆ ಕೂದಲೆಳೆಯಷ್ಟು ಕುಸಿದಿತ್ತು. ಕೊಕ್ಕೆ ಬಿಟ್ಟರೆ ಬಾಗಿಲು ಯಾರೂ ಮುಟ್ಟದೆ ತಾನಾಗಿ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಟೈಲರು ಬೀಗದಕೈ ಬೇಡದ ಒಂದು ಉಕ್ಕಿನ ಚಿಲಕ ತಂದ. ಬೆಂಕಿಯೋ ಹೊಗೆಯೋ ಎದ್ದರೆ ದೊಡ್ಡವರು ಒಂದೇ ಬೆರಳಲ್ಲಿ ತೆಗೆಯಬೇಕು, ಮಗುವಿಗೆ ಎಟುಕಬಾರದು. “ನೆಟ್ಟಗೆ ನಿಂತ್ಕೋ, ಕೈ ಎತ್ತು,” ಎಂದ. ಬಾಬಿನ್ ಗಿರಾಕಿಯ ಹಾಗೆ ಗಂಭೀರವಾಗಿ ನಿಂತು ಕೈ ಎತ್ತಿದಳು. ಬೆರಳ ತುದಿಗೆ ಟೇಪು ಹಿಡಿದ, ಅದರ ಮೇಲೆ ಒಂದೂವರೆ ಇಂಚಿಗೆ ಚಾಕ್ ತೀಡಿದ, ಅಲ್ಲೇ ಚಿಲಕ ಕೂರಿಸಿದ. ಅಳತೆಗೆ ಕತ್ತರಿಸಿದ ತೋಳಿನ ಹಾಗೆ ಸರಿಯಾಗಿತ್ತು. ಇದು ಆರು ತಿಂಗಳ ಹಿಂದಿನ ಮಾತು.

ಸಂಘದ ಅಧ್ಯಕ್ಷರು ಅದೇ ನೆಲಮಹಡಿಯಲ್ಲಿದ್ದ ನಿವೃತ್ತ ಸರ್ವೇಯರು. ಮೂವತ್ತೈದು ವರ್ಷ ದುರ್ಬೀನಿನಲ್ಲಿ ಒಂದು ಕಣ್ಣು ಮುಚ್ಚಿ ಬೇರೆಯವರ ಗಡಿ ನೋಡಿದ ಮನುಷ್ಯ. ಈಗಲೂ ದಿನಾ ಬೆಳಿಗ್ಗೆ ಇಳಿಜಾರಿನ ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ನೆಲಮಹಡಿಯ ಹನ್ನೆರಡು ಗಾಜಿನ ಬಾಗಿಲುಗಳು ಒಂದೇ ಗೆರೆಯಲ್ಲಿ ಫಳಫಳ ಅನ್ನುತ್ತಿವೆಯೇ ಎಂದು ನೋಡುತ್ತಿದ್ದರು. ಕಟ್ಟಡದವರು ಬೆನ್ನ ಹಿಂದೆ ಅವರನ್ನು ಲೈನ್ ಸಾಹೇಬರು ಎನ್ನುತ್ತಿದ್ದರು.

“ಏನ್ರೀ ಇದು? ಗಾಜಿಗೆ ಗಾಯ ಆಗಿದೆಯೇನ್ರೀ, ಬ್ಯಾಂಡೇಜ್ ಸುತ್ತಿದೀರಿ?” ಎಂದು ಮೊದಲ ಸಲ ಬಂದಾಗ ಕೇಳಿದ್ದರು.

“ಗಾಯ ಮಗುಗೆ ಆಗಿತ್ತು ಸಾರ್. ಇನ್ನೊಂದ್ಸಲ ಆಗಬಾರ್ದು ಅಂತ ಗಾಜಿಗೆ ಕಟ್ಟಿದೀನಿ.”

“ಹನ್ನೆರಡು ಬಾಗಿಲಲ್ಲಿ ಹನ್ನೊಂದು ಕನ್ನಡಿ ಹಾಗಿವೆ. ನಿಮ್ಮದೊಂದು ಚಿಂದಿ ಅಂಗಡಿ. ನಿಯಮ ಹದಿನಾಲ್ಕು ಓದಿದೀರಾ? ಹೊರಗೆ ಕಾಣೋ ಬಾಗಿಲಿಗೆ ಏನನ್ನೂ ಅಂಟಿಸಬಾರದು, ಕೊರೆಯಬಾರದು. ಮಗು ಮೇಲೆ ಕಣ್ಣಿಡ್ರೀ, ಸಾಕು. ನಮ್ಮ ಮಕ್ಕಳು ಬೆಳೀಲಿಲ್ವಾ? ಆಗ ಇದೆಲ್ಲ ಇತ್ತಾ?”

“ಆಗ ಗೋಡೆ ಇತ್ತು ಸಾರ್,” ಎಂದ ಟೈಲರು. “ಕಣ್ಣಿಡ್ತೀನಿ. ಆದ್ರೆ ಸೂಜಿಗೆ ದಾರ ಪೋಣಿಸೋ ಹೊತ್ತಲ್ಲಿ ಇವಳು ಹತ್ತು ಹೆಜ್ಜೆ ಹಾಕ್ತಾಳೆ. ಬಾಗಿಲಿಂದ ಇಳಿಜಾರಿಗೆ ಎಂಟೇ ಹೆಜ್ಜೆ.”

ಬಾಗಿಲು ತಾನಾಗಿ ಜಾರುತ್ತದೆ ಎಂದಾಗ ಸಾಹೇಬರು ಸಿಡಿದರು. ಕಟ್ಟಡ ಮಟ್ಟಸವಾಗಿದೆ, ನಾನೇ ನೋಡಿದ್ದೇನೆ, ಎಂದರು. ಟೈಲರು ಮಾತಾಡದೆ ಒಂದು ದಾರದ ಉರುಳೆಯನ್ನು ಹಳಿಯ ಮೇಲಿಟ್ಟ. ಅದು ಸ್ವಲ್ಪ ಯೋಚಿಸಿ, ನಿಧಾನಕ್ಕೆ ಹೊರಟು, ಆ ತುದಿಗೆ ಹೋಗಿ ಟಕ್ಕೆಂದು ನಿಂತಿತು. ಬಾಬಿನ್ ಚಪ್ಪಾಳೆ ತಟ್ಟಿದಳು. ಸಾಹೇಬರು ಆ ಚಪ್ಪಾಳೆಯನ್ನು ಮರೆಯಲಿಲ್ಲ.

ಆಮೇಲೆ ಚೀಟಿಗಳು ಬರತೊಡಗಿದವು. ಮನೆಯ ಮಾಲೀಕ ಎಲ್ಲಿಂದಲೋ ಫೋನ್ ಮಾಡಿ, “ಸ್ವಲ್ಪ ಹೊಂದಿಕೊಂಡು ಹೋಗ್ರೀ, ನನ್ನ ತಲೆ ತಿನ್ತಿದಾರೆ,” ಎಂದ. ನಾಲ್ಕನೇ ಮಹಡಿಯ ಗಂಡಸರು ಲಿಫ್ಟಿನ ಬಳಿ ನಿಂತು, “ಹೆಂಡತಿ ಬಸ್ ಓಡಿಸ್ತಾಳೆ, ಇವನು ಗಂಡು ಬಾಣಂತಿ ಹಾಗೆ ಒಳಗೇ ಇರ್ತಾನೆ, ಹೊತ್ತು ಹೋಗಬೇಕಲ್ಲ,” ಎಂದು ಅವನಿಗೆ ಕೇಳಿಸುವಷ್ಟೇ ಮೆತ್ತಗೆ ಹೇಳಿಕೊಂಡರು. ಕೊನೆಯ ಚೀಟಿಯಲ್ಲಿ ಚಿಲಕ ಬಿಚ್ಚಿಸುವ ದಿನ, ಹೊತ್ತು ಇತ್ತು. ಅಡ್ಡಿ ಮಾಡಿದರೆ ಮನೆ ಖಾಲಿ ಮಾಡಿಸಲು ಮಾಲೀಕನಿಗೆ ಪತ್ರ ಹೋಗುತ್ತದೆ ಎಂದಿತ್ತು. ಚಿಲಕ ಹೋಗಬೇಕು, ಇಲ್ಲ ಇವರು ಹೋಗಬೇಕು. ಮನೆಯಿಂದ ಡಿಪೋಗೆ ನಡೆದರೆ ಹದಿನೈದು ನಿಮಿಷ. ಬೆಳಗಿನ ಪಾಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬಹುದಾದ ಮನೆ ಬೇರೆ ಸಿಗುವುದು ಸುಲಭವಿರಲಿಲ್ಲ. ಅದು ಲೈನ್ ಸಾಹೇಬರಿಗೂ ಗೊತ್ತಿತ್ತು.

ಭಾನುವಾರ ಟೈಲರು ಎಂದಿನಂತೆ ಕೆಲಸಕ್ಕೆ ಕೂತ. ಶಾಲೆಯೊಂದರ ಪುಟ್ಟ ಹುಡುಗಿಯರ ಸಮವಸ್ತ್ರ. ಅಂಚು ಹೊಲಿಯುವಾಗ ಪ್ರತಿಯೊಂದರಲ್ಲೂ ಮೂರು ಬೆರಳಷ್ಟು ಬಟ್ಟೆಯನ್ನು ಒಳಕ್ಕೆ ಮಡಚಿ ಬಿಡುತ್ತಿದ್ದ. ಮಗು ಬೆಳೆದ ಹಾಗೆ ತಾಯಂದಿರು ಹೊಲಿಗೆ ಬಿಚ್ಚಿ ಇಳಿಸಿಕೊಳ್ಳಲಿ ಎಂದು. ಅದಕ್ಕೇ ಅವನ ಬಳಿ ಗಿರಾಕಿಗಳು ಬರುತ್ತಿದ್ದದ್ದು. ಬೇರೆಯವರು ಹೊಲಿದದ್ದು ಒಂದು ವರ್ಷ, ಇವನು ಹೊಲಿದದ್ದು ಎರಡು ವರ್ಷ, ಎನ್ನುತ್ತಿದ್ದರು. ಅಂಚುಗಳ ನಡುವೆ ಅವನು ಇನ್ನೊಂದು ಸಣ್ಣ ಕೆಲಸವನ್ನೂ ಮುಗಿಸಿಟ್ಟಿದ್ದ. ಅಂಗಿಯ ಕಾಲರಿನೊಳಗೆ ಹೊಲಿಯುವಂಥ ಬಿಳಿ ಪಟ್ಟಿಯ ಮೇಲೆ ನೀಲಿ ದಾರದಲ್ಲಿ ಒಂದು ಸಾಲು ಅಕ್ಷರ.

ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಗಾಜಿನಾಚೆ ಲೈನ್ ಸಾಹೇಬರು ಬಂದು ನಿಂತರು. ಜೊತೆಗೆ ಫಿಟ್ಟರು. ಕಟ್ಟಡದ ನಲ್ಲಿ, ಬೀಗ, ಬಾಗಿಲು ಎಲ್ಲಕ್ಕೂ ಬರುವವನು ಅವನೇ. ಕೈಯಲ್ಲಿ ಡ್ರಿಲ್ಲು, ಬಾಯಲ್ಲಿ ಎರಡು ಸ್ಕ್ರೂ.

ಸಾಹೇಬರು ಗಾಜು ತಟ್ಟಿದರು. ಟೈಲರು ಚಿಲಕ ತೆಗೆಯದೆ ಒಳಗಿಂದಲೇ ಎದುರು ಬಂದು ನಿಂತ. ಕೆಂಪು ಪಟ್ಟಿಗಳ ಮೇಲಿನ ಸಾಲು ಸಾಹೇಬರ ಎದೆಯ ಮೇಲೆ ಪದಕಗಳ ಹಾಗೆ ಕಾಣಿಸುತ್ತಿತ್ತು.

“ತೆಗೀರಿ!” ಗಾಜಿನಿಂದಾಗಿ ಆ ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

“ಕೇಳಿಸ್ತಿಲ್ಲ ಸಾರ್!”

“ತೆಗೀರಿ ಅಂದೆ! ಬಾಗಿಲು!”

“ಬಾಗಿಲು ಚೆನ್ನಾಗಿದೆ ಸಾರ್! ನೀವು ಚೆನ್ನಾಗಿದೀರಾ?”

ಫಿಟ್ಟರು ನಗು ತಡೆಯಲು ಹೋಗಿ ಒಂದು ಸ್ಕ್ರೂ ನುಂಗುವುದರಲ್ಲಿದ್ದ. ಸಾಹೇಬರ ಕಿವಿ ಕೆಂಪಾಯಿತು.

“ಆಟ ಆಡ್ತೀರೇನ್ರೀ? ಮುಂಬಾಗಿಲಿಂದ ಬರಬೇಕಾಗುತ್ತೆ!”

“ಬನ್ನಿ! ಅದಕ್ಕೂ ಚಿಲಕ ಇದೆ! ಅದಕ್ಕೆ ನಿಯಮ ಎಷ್ಟು?”

ಇಷ್ಟು ಹೊತ್ತಿಗೆ ಅಕ್ಕಪಕ್ಕದ ಎರಡು ಗಾಜುಗಳ ಹಿಂದೆ ಮುಖಗಳು ಮೂಡಿದ್ದವು. ಟೈಲರಿಗೆ ಹುಮ್ಮಸ್ಸು ಏರಿತು. ಅಂಗೈ ಎತ್ತಿ, “ಒಂದು ನಿಮಿಷ ಇರಿ ಸಾರ್. ನಿಮಗೆ ಅಂತಲೇ ಒಂದು ಹೊಲಿದಿಟ್ಟಿದೀನಿ,” ಎಂದು ಕೂಗಿ, ತಿರುಗಿ ಯಂತ್ರದ ಕಡೆ ಹೋದ. ಬಿಳಿ ಪಟ್ಟಿ ಸಮವಸ್ತ್ರಗಳ ಅಡಿ ಎಲ್ಲೋ ಸೇರಿತ್ತು. ಬಗ್ಗಿ ಹುಡುಕತೊಡಗಿದ.

ಆ ಹೊತ್ತಿಗೆ ಸರಿಯಾಗಿ, ಇಳಿಜಾರಿನ ತಳದಲ್ಲಿ ಖಾಕಿ ಅಂಗಿ ಕಂಡಿತು. ಡಿಪೋದಿಂದ ಬರುವಾಗ ಹೆಂಡತಿ ಯಾವಾಗಲೂ ನೆಲಮಾಳಿಗೆಯ ಅಡ್ಡದಾರಿ ಹಿಡಿದು ಆ ಇಳಿಜಾರನ್ನೇ ಏರಿ ಬರುತ್ತಿದ್ದಳು. ಗಾಜಿನ ಬಳಿ ನಿಂತಿದ್ದ ಬಾಬಿನ್ ಅದನ್ನು ನೋಡಿದಳು. ಅಮ್ಮ ಬಂದಳು. ಬಾಗಿಲು ಹಾಕಿದೆ. ಹಾಕಿದ ಬಾಗಿಲನ್ನು ತೆಗೆಯಬೇಕು. ಅವಳ ಲೆಕ್ಕ ಅಷ್ಟೇ. ನೆಟ್ಟಗೆ ನಿಂತು ಕೈ ಎತ್ತುವುದು ಅಪ್ಪ ಅಳತೆ ತೆಗೆಯುವಾಗ ಮಾತ್ರ. ಬಾಗಿಲು ತೆಗೆಯುವಾಗ ಯಾವ ಮಗುವೂ ನೆಟ್ಟಗೆ ನಿಲ್ಲುವುದಿಲ್ಲ. ಬಾಬಿನ್ ಕೊಕ್ಕೆ ಬಿಡಿಸಿ ತುದಿಗಾಲ ಮೇಲೆ ಎದ್ದಳು, ಒಂದು ಕೈಯನ್ನು ಗಾಜಿಗೆ ಒತ್ತಿ ಇನ್ನೊಂದನ್ನು ಮೇಲಕ್ಕೆ ಚಾಚಿದಳು. ಬೆರಳು ಚಿಲಕದ ಮೂತಿಗೆ ತಾಗಿತು. ಎತ್ತಿತು.

ಟಕ್.

ಬಾಗಿಲು, ತನಗೂ ಇದೇ ಬೇಕಾಗಿತ್ತು ಎಂಬ ಹಾಗೆ, ತಾನಾಗಿ ಜಾರಿತು.

ಲೈನ್ ಸಾಹೇಬರಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಮುಖ ಅರಳಿತು. ಕೋಟೆಯ ಬಾಗಿಲನ್ನು ಒಳಗಿನವರೇ ತೆರೆದುಕೊಟ್ಟಿದ್ದರು. ಹಳಿ ದಾಟಿ ಒಳಗೆ ಕಾಲಿಟ್ಟರು. ಅವರ ಪ್ಯಾಂಟಿನ ಪಕ್ಕದಿಂದ ಒಂದು ಪುಟ್ಟ ತಲೆ ಹೊರಗೆ ನುಸುಳಿದ್ದನ್ನು ಅವರು ಗಮನಿಸಲಿಲ್ಲ.

“ಅಂತೂ ತೆಗೆದ್ರಲ್ಲ,” ಎಂದರು.

ಟೈಲರು ಪಟ್ಟಿ ಹಿಡಿದು ತಿರುಗಿದ. ಸಾಹೇಬರು ಒಳಗಿದ್ದರು. ಬಾಗಿಲು ಬಾಯಿ ಬಿಟ್ಟಿತ್ತು. ಗಾಜಿನ ಬಳಿ ಮಗು ಇರಲಿಲ್ಲ. ಕಲ್ಲುಹಾಸಿನ ಆ ತುದಿಯಲ್ಲಿ, ಎರಡನೇ ಮೆಟ್ಟಿಲ ಮೇಲೆ, ಹಳದಿ ಅಂಗಿ. ಕೆಳಗಿನಿಂದ ಎಂಜಿನ್ನಿನ ಸದ್ದು ಏರಿ ಬರುತ್ತಿತ್ತು.

ಅವನ ಬಾಯಿಂದ ಹೊರಟದ್ದು ಹೆಸರಲ್ಲ, ಬರೀ ಸದ್ದು. ಸಾಹೇಬರನ್ನು ಹೆಗಲಿನಿಂದ ತಳ್ಳಿ ಓಡಿದ. ಎಂಟು ಹೆಜ್ಜೆ ಎಂದು ಅವನೇ ಎಣಿಸಿ ಹೇಳಿದ್ದ ದೂರ. ನಾಲ್ಕನೇ ಹೆಜ್ಜೆಯಲ್ಲಿದ್ದಾಗ ಬಾಬಿನ್ ಇಳಿಜಾರಿಗೆ ಇಳಿದಳು.

ಅಷ್ಟರಲ್ಲಿ ಇಳಿಜಾರಿನ ನಡುವಿಗೆ ಏರಿ ಬಂದಿದ್ದ ಹೆಂಡತಿ ಚೀಲ ಎಸೆದಳು. ಓಡಲಿಲ್ಲ. ಎರಡೇ ದಾಪುಗಾಲಿಗೆ ಮಗುವಿನ ಮುಂದೆ ಬಂದು, ಒಂದು ಕೈಯಲ್ಲಿ ಅಂಗಿಯ ಕಾಲರು ಹಿಡಿದು, ಹಿಂದಕ್ಕೆ ತಿರುಗಿ ಇನ್ನೊಂದು ಅಂಗೈಯನ್ನು ಏರಿ ಬರುತ್ತಿದ್ದ ಕೆಂಪು ಕಾರಿನ ಮುಖಕ್ಕೆ ನೇರ ಚಾಚಿ ನಿಂತಳು. ಕಾರು ಕಿರ್ರೆಂದು ನಿಂತಿತು. ನಡುವೆ ಒಂದು ಮಾರು ಇತ್ತು.

ಕಾರಿನವನು ನಾಲ್ಕನೇ ಮಹಡಿಯವನು. ತಲೆ ಹೊರಹಾಕಿ ಸಿಡುಕಿದ: “ಏನಮ್ಮಾ, ಇದೇನು ಬಸ್ ಸ್ಟಾಪಾ? ಯಾಕೆ ಅಡ್ಡ ನಿಂತ್ರಿ?”

“ಮಗು.”

“ಯಾವ ಮಗು?”

ಅವಳು ಬಾಬಿನ್ನನ್ನು ಎತ್ತಿ ಕಾರಿನ ಮೂತಿಯ ಮೇಲಿನಿಂದ ತೋರಿಸಿದಳು. ಅವನು ನೋಡಿದ. “ನನಗೆ... ಇಲ್ಲಿಂದ ಕಾಣಿಸ್ಲೇ ಇಲ್ಲ,” ಎಂದ. ಎಂಜಿನ್ ಆರಿಸಿದ. ಮತ್ತೆ ಹಚ್ಚಲು ಅವನಿಗೆ ಕೀಲಿ ಸಿಗಲಿಲ್ಲ. ಅದು ಕಣ್ಣೆದುರೇ ಇತ್ತು.

ಹಜಾರಕ್ಕೆ ಬಂದಾಗ ಟೈಲರು ಬಿಳಿಚಿ ಹೋಗಿದ್ದ. ಹೆಂಡತಿ ಮಗುವನ್ನು ಇಳಿಸಲಿಲ್ಲ.

“ಯಾರು ತೆಗೆದದ್ದು?” ಎಂದು ಕೇಳಿದಳು. ಕೂಗಲಿಲ್ಲ. ಕೂಗಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ನಾನು ತೆಗೆದೆ,” ಎಂದಳು ಬಾಬಿನ್, ಅಮ್ಮನ ಹೆಗಲ ಮೇಲಿಂದ. “ಹೀಗೆ.” ಬೆರಳು ಎತ್ತಿ ತೋರಿಸಿದಳು.

ಲೈನ್ ಸಾಹೇಬರಿಗೂ ಬೆವರು ಕಿತ್ತಿತ್ತು. ಆದರೆ ಮೂವತ್ತೈದು ವರ್ಷದ ಅಭ್ಯಾಸ. ಗಡಿಗಲ್ಲು ಸಿಕ್ಕಿದ ಮೇಲೆ ಅದರ ಮೇಲೆ ಕಾಲಿಡದೆ ಬಿಡುವವರಲ್ಲ. ಕರವಸ್ತ್ರದಿಂದ ಕತ್ತು ಒರೆಸಿಕೊಂಡು ಹೇಳಿದರು: “ನೋಡಿದ್ರಾ? ಇದಕ್ಕೇನಾ ಆರು ತಿಂಗಳಿಂದ ನನ್ನ ಜೊತೆ ಗುದ್ದಾಡಿದ್ದು? ಈ ಚಿಲಕ ಇದ್ದೂ ಒಂದೇ, ಇಲ್ಲದಿದ್ದೂ ಒಂದೇ. ಮೂರು ವರ್ಷದ ಮಗು ಬಿಚ್ಚುತ್ತೆ. ಫಿಟ್ಟರೇ, ಬಿಚ್ಚಿ ಅದನ್ನ.”

ಟೈಲರಿನ ಕಣ್ಣು ಚಿಲಕದ ಮೇಲಿತ್ತು. ಅಳತೆ ತಪ್ಪಿಲ್ಲ, ತಾನೇ ಹಿಡಿದ ಟೇಪು, ತಾನೇ ಎಳೆದ ಗೆರೆ. ಒಂದೂವರೆ ಇಂಚು ಮೇಲಕ್ಕೆ ಇಟ್ಟಿದ್ದೆ. ಹಾಗಾದರೆ ಎಲ್ಲಿ? ಸ್ಟೂಲಿನ ಮೇಲೆ ಕೂರಲು ಹೋದವನ ಕೈಗೆ ಯಂತ್ರದ ಮೇಲಿದ್ದ ಸಮವಸ್ತ್ರ ತಾಗಿತು. ಅರ್ಧ ಹೊಲಿದ ಅಂಚು. ಒಳಗೆ ಮಡಚಿಟ್ಟ ಬಟ್ಟೆ. ಮೂರು ಬೆರಳು.

ಊರ ಮಕ್ಕಳಿಗೆಲ್ಲ ಮೂರು ಬೆರಳು ಹೆಚ್ಚಿಗೆ ಬಿಟ್ಟವನು, ತನ್ನ ಮಗಳ ಬಾಗಿಲಿಗೆ ಬೆಳವಣಿಗೆಗೆಂದು ಒಂದು ಬೆರಳೂ ಬಿಟ್ಟಿರಲಿಲ್ಲ. ಅವಳು ಅದೇ ಅಳತೆಯಲ್ಲಿ ಉಳಿಯುತ್ತಾಳೆಂದು ನಂಬಿದ ಹಾಗೆ ಚಿಲಕ ಕೂರಿಸಿದ್ದ.

ಫಿಟ್ಟರು ಬಾಯಿಂದ ಸ್ಕ್ರೂ ತೆಗೆದು ಬಾಗಿಲ ಬಳಿ ಹೋದ.

“ಕೈ ಇಡಬೇಡ ಮಾರಾಯ,” ಎಂದ ಟೈಲರು. ಎದ್ದು ನಿಂತ. “ಸಾರ್, ತಪ್ಪು ನಂದು. ಒಪ್ಕೋತೀನಿ. ಅಕ್ಕಪಕ್ಕದವರೂ ಕೇಳಲಿ. ನನ್ನ ಚಿಲಕ ಸೋತಿದೆ. ಯಾಕೆ ಸೋತಿದೆ ಅಂದ್ರೆ ನನ್ನ ಮಗಳು ಬೆಳೆದಳು, ನಾನು ಬೆಳವಣಿಗೆಗೆ ಜಾಗ ಬಿಡಲಿಲ್ಲ. ಹೊಲಿಗೆ ಕಲಿಯೋಕೆ ಬಂದ ಹುಡುಗರು ಮಾಡೋ ತಪ್ಪು.”

“ಒಪ್ಪಿದ್ರಲ್ಲ. ಹಾಗಾದ್ರೆ ಬಿಚ್ಚಿಸಿ.”

“ಮಗುಗೆ ಅಂಗಿ ಗಿಡ್ಡ ಆಯ್ತು ಅಂದ್ರೆ ಏನ್ಮಾಡ್ತೀರಿ ಸಾರ್? ಉದ್ದ ಮಾಡಿಸ್ತೀರೋ, ಬರಿಮೈಯಲ್ಲಿ ಬೀದಿಗೆ ಬಿಡ್ತೀರೋ?”

ಪಕ್ಕದ ಮನೆಯ ಗಾಜು ಒಂದು ಗೇಣು ತೆರೆದುಕೊಂಡಿತು. ಯಾರೋ ಕಿಸಕ್ಕೆಂದರು.

“ಮಾತು ಬೇಡ. ನಿಯಮ ಅಂದ್ರೆ ನಿಯಮ.”

“ಆಯ್ತು,” ಎಂದು ಟೈಲರು ಬಿಳಿ ಪಟ್ಟಿಯನ್ನು ಬಿಡಿಸಿ ಅವರ ಮುಂದೆ ಹಿಡಿದ. ನೀಲಿ ದಾರದಲ್ಲಿ ನೀಟಾಗಿ ಹೀಗಿತ್ತು: ಈ ಬಾಗಿಲ ಚಿಲಕ ಬಿಚ್ಚಿಸಿದವರು. ಮುಂದೆ ಅರ್ಧ ಪಟ್ಟಿ ಖಾಲಿ. “ನಾನು ಹೊಲಿದ ಪ್ರತಿ ಅಂಗಿಯ ಕತ್ತಿನಲ್ಲೂ ನನ್ನ ಹೆಸರಿನ ಪಟ್ಟಿ ಇರುತ್ತೆ. ಹೊಲಿಗೆ ಬಿಟ್ಟರೆ ಯಾರನ್ನ ಬೈಬೇಕು ಅಂತ ಜನಕ್ಕೆ ಗೊತ್ತಾಗಲಿ ಅಂತ. ಈ ಬಾಗಿಲಿಗೂ ಒಂದು ಇರಲಿ. ತಗೊಳ್ಳಿ ಚಾಕ್, ಇಲ್ಲಿ ಹೆಸರು ಬರೀರಿ. ಐದು ನಿಮಿಷದಲ್ಲಿ ದಾರ ಎಳೆದು ಗಾಜಿಗೆ ಅಂಟಿಸ್ತೀನಿ. ಆಮೇಲೆ ಬಿಚ್ಚಿಸಿ.”

ಸಾಹೇಬರು ಚಾಕ್ ನೋಡಿದರು, ಪಟ್ಟಿಯನ್ನು ನೋಡಿದರು. ಹೊರಗೆ ಕೆಂಪು ಕಾರು ಇನ್ನೂ ಇಳಿಜಾರಿನ ನಡುವೆಯೇ ನಿಂತಿತ್ತು.

“ಇದು ಸಂಘದ ತೀರ್ಮಾನ. ಒಬ್ಬರ ಹೆಸರಲ್ಲ.”

“ಸಂಘದಲ್ಲಿ ಐವರು ಇದೀರಿ. ಐದೂ ಹೆಸರು ಹಿಡಿಯುತ್ತೆ, ಪಟ್ಟಿ ಉದ್ದ ಇದೆ.”

“ನನ್ನದು ಬರೀಬೇಡಿ ಸ್ವಾಮಿ,” ಎಂದು ಫಿಟ್ಟರು ನಡುವೆ ಬಾಯಿ ಹಾಕಿದ. “ನಾನು ಹೇಳಿದ ಕೆಲಸ ಮಾಡೋನು.”

“ಹೇಳಿದವರು ಬರೆದ ಮೇಲೆ ಮಾಡು.”

ಯಾರೂ ಬರೆಯಲಿಲ್ಲ. ಹೆಂಡತಿ ಆಗ ಮಾತಾಡಿದಳು, ಸಾಹೇಬರ ಮುಖ ನೋಡದೆ, ಅವರ ಹಣೆ ನೋಡುತ್ತ: “ಹೋದ ತಿಂಗಳು ನಿಮ್ಮ ಹಣೆಗೆ ಮೂರು ದಿನ ಪಟ್ಟಿ ಇತ್ತಲ್ಲ ಸಾರ್. ಬಚ್ಚಲಲ್ಲಿ ಜಾರಿದೆ ಅಂದ್ರಿ. ನಿಮ್ಮ ಮನೆ ಗಾಜಿನ ಮೇಲೆ ಹಣೆ ಅಚ್ಚು ನಾನು ಪಾಳಿಗೆ ಹೋಗುವಾಗ ನೋಡಿದ್ದೆ. ನಾನು ಯಾರಿಗೂ ಹೇಳಿಲ್ಲ.”

“ಈಗ ಹೇಳಿದ್ರಲ್ಲ,” ಎಂದಿತು ಪಕ್ಕದ ಮನೆಯ ಗಾಜು.

ಫಿಟ್ಟರು ಲೋಕಜ್ಞಾನ ಇದ್ದವನು. ಈ ಕಟ್ಟಡದ ಕೆಲಸವೂ ಬೇಕು, ಇವತ್ತಿನ ಪಾಪವೂ ಬೇಡ. ಡ್ರಿಲ್ಲನ್ನು ಹಳಿಯ ಪಕ್ಕ ನೆಲದ ಮೇಲಿಟ್ಟ. “ಸಾರ್, ನೀವು ನೀವು ಮಾತಾಡ್ಕೊಳ್ಳಿ. ನಾನು ಟೀ ಕುಡಿದು ಬರ್ತೀನಿ. ಮೆಷಿನ್ ಇಲ್ಲೇ ಇರುತ್ತೆ,” ಎಂದು, ಕೊನೆಯ ಮಾತನ್ನು ಟೈಲರಿನ ಕಡೆ ತಿರುಗಿ ಹೇಳಿ, ಎರಡು ಹೊಸ ಸ್ಕ್ರೂಗಳನ್ನು ಅದರ ಪಕ್ಕ ಇಟ್ಟು, ಹಿಂತಿರುಗಿ ನೋಡದೆ ಹೋದ.

ಟೈಲರು ಡ್ರಿಲ್ಲು ಎತ್ತಿದ. ಅದಕ್ಕೆ ಮುಂಚೆ ಮಗಳನ್ನು ಇಳಿಸು ಎಂದು ಹೆಂಡತಿಗೆ ಹೇಳಿದ. ಈ ಸಲ ‘ನೆಟ್ಟಗೆ ನಿಂತ್ಕೋ’ ಎನ್ನಲಿಲ್ಲ. “ಎಷ್ಟು ಮೇಲೆ ಮುಟ್ತೀಯೋ ಮುಟ್ಟು ನೋಡೋಣ,” ಎಂದ. ಬಾಬಿನ್ ತುದಿಗಾಲಲ್ಲಿ ಎದ್ದಳು, ನಾಲಿಗೆ ಕಚ್ಚಿದಳು, ಒಂದು ಸಲ ಹಾರಿದಳು ಕೂಡ. ಹಾರಿದ ಜಾಗಕ್ಕೆ ಚಾಕ್ ತೀಡಿದ. ಅಲ್ಲಿಂದ ಮೇಲಕ್ಕೆ ಒಂದು ಗೇಣು ಇಟ್ಟ. ಗೇಣಿನ ಮೇಲೆ ಮೂರು ಬೆರಳು ಇಟ್ಟ. ಹೆಂಡತಿಯನ್ನು ನೋಡಿದ. ಅವಳು ಬಂದು ಬಾಗಿಲಿಗೆ ಎದುರು ನಿಂತಳು. ಗುರುತು ಅವಳ ಕಣ್ಣಿನ ನೇರಕ್ಕಿತ್ತು.

“ಇಲ್ಲೇ,” ಎಂದಳು.

“ಕೊರೆದ್ರೆ ನಾಳೆನೇ ಮಾಲೀಕರಿಗೆ ಪತ್ರ ಹೋಗುತ್ತೆ,” ಎಂದರು ಸಾಹೇಬರು.

“ಹೋಗಲಿ ಸಾರ್. ಮಗು ಹೋಗದಿದ್ರೆ ಸಾಕು,” ಎಂದ ಟೈಲರು.

ಡ್ರಿಲ್ಲು ಕಿರುಚಿತು. ಸೂಜಿ ಹಿಡಿದ ಕೈಗೆ ಅದರ ಒದೆತ ಹೊಸದು. ಮೊದಲ ತೂತು ಸೊಟ್ಟಗಾಯಿತು. ಚೌಕಟ್ಟಿನ ಅಲ್ಯೂಮಿನಿಯಂ ಪುಡಿ ಬಿಳಿ ದಾರದ ಚೂರಿನಂತೆ ಸುರುಳಿ ಸುರುಳಿಯಾಗಿ ಅವನ ತೋಳಿನ ಮೇಲೆ ಬಿತ್ತು. ಎರಡನೇ ತೂತು ಇನ್ನೂ ಸ್ವಲ್ಪ ಸೊಟ್ಟ. ಜೀವಮಾನದಲ್ಲಿ ಒಂದು ಹೊಲಿಗೆಯನ್ನೂ ಓರೆ ಬಿಡದವನು ಅದನ್ನು ಹಾಗೇ ಬಿಟ್ಟ. ಹಳೇ ಜಾಗದಿಂದ ಚಿಲಕ ಬಿಚ್ಚಿ ಅಲ್ಲಿ ಕೂರಿಸಿ ಬಿಗಿದ, ಬಾಗಿಲು ಎಳೆದ, ಹಾಕಿದ, ಎರಡೂ ಕೈಯಲ್ಲಿ ಜಗ್ಗಿದ. ಅಲುಗಲಿಲ್ಲ. ಬಾಬಿನ್ ಬಂದು ತುದಿಗಾಲಲ್ಲಿ ನಿಂತು ಹಳೇ ತೂತುಗಳಿಗೆ ಬೆರಳು ಹಾಕಿದಳು, ಮೇಲೆ ನೋಡಿದಳು, ಹಾರಿದಳು, ಮತ್ತೆ ಹಾರಿದಳು. ಆಮೇಲೆ ಅಪ್ಪನ ಮುಖವನ್ನು, ಮೋಸ ಮಾಡಿದವನನ್ನು ನೋಡುವ ಹಾಗೆ, ನೋಡಿದಳು.

“ಬೈಕೋ,” ಎಂದ ಟೈಲರು. “ಬೇಕಾದಷ್ಟು ಬೈಕೋ.”

ಬಿಳಿ ಪಟ್ಟಿಯನ್ನು, ಹೆಸರಿಲ್ಲದ್ದನ್ನು, ಕೆಂಪು ಪಟ್ಟಿಗಳ ಸಾಲಿನಲ್ಲೇ ಗಾಜಿಗೆ ಅಂಟಿಸಿದ. ಅಕ್ಷರ ಹೊರಗಿನವರಿಗೆ ಕಾಣುವ ಹಾಗೆ.

ಲೈನ್ ಸಾಹೇಬರು ಮುಂಬಾಗಿಲಿನಿಂದ ಹೊರಡಬೇಕಾಯಿತು, ಹಿಂದಿನದು ಹಾಕಿತ್ತು. ಹೊಸ್ತಿಲಲ್ಲಿ ನಿಂತು, ಸೋತ ಹಾಗೆ ಕಾಣಬಾರದೆಂದು, ತಿರುಗಿ ಕೇಳಿದರು: “ಅಲ್ರೀ, ಆ ಮಗು ಬೆಳೀತಾನೇ ಇರುತ್ತೆ. ಅದು ಬೆಳೆದ ಹಾಗೆಲ್ಲ ತೂತು ಕೊರೀತಾ ಹೋಗ್ತೀರಾ? ಎಲ್ಲಿಯವರೆಗೆ?”

ಟೈಲರು ಕತ್ತಿನಿಂದ ಟೇಪು ಎಳೆದ. ಚಿಲಕದ ಹೊಸ ಜಾಗದಿಂದ ಚೌಕಟ್ಟಿನ ತುದಿಯವರೆಗೆ ಹಿಡಿದು ನೋಡಿದ.

“ಇನ್ನೂ ಎರಡು ಅಡಿ ಇದೆ ಸಾರ್,” ಎಂದ.